ಕೆಂಡದ ಮೇಲೊಂದು ಹೀಟ್ ಟ್ರಾನ್ಸ್‌ಫರ್ ಪಾಠ

ಅಮೆರಿಕದಲ್ಲಿ ನವೆಂಬರ್‌ನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ನಮಗೆ ಯುಗಾದಿಗೆ ಹೋಳಿಗೆ ಹೇಗೋ, ಅವರಿಗೆ ಅಂದು ಇಡೀ ಟರ್ಕಿ ಕೋಳಿ. ಅಲ್ಲಿ ಎಂ.ಎಸ್. ಓದುತ್ತಿರುವ ನನ್ನ ದೊಡ್ಡಮ್ಮನ ಮಗ ಮತ್ತು ಅವನ ರೂಮ್‌ಮೇಟ್‌ಗಳು ಕಳೆದ ವರ್ಷ ಅದನ್ನು ಹಿತ್ತಲಿನಲ್ಲಿ ಇದ್ದಿಲ ಒಲೆಯ ಮೇಲೆ ಬೇಯಿಸಲು ಹೊರಟರು. ಕೋಳಿಯ ತೂಕ 12 ಪೌಂಡ್, ಅಂದರೆ ಸುಮಾರು ಐದೂವರೆ ಕೆ.ಜಿ. ಊಟಕ್ಕೆ ಎಂಟು ಜನ, ಅದರ ಬೆನ್ನಿಗೇ ಪರೀಕ್ಷೆ. ಅರೆಬೆಂದ ಮಾಂಸ ತಿಂದು ಮಲಗಿದರೆ ಸೆಮಿಸ್ಟರೇ ಹೋದಂತೆ. ‘ನೀನು ಮೆಕ್ಯಾನಿಕಲ್ ಅಲ್ವೇನೋ, ಎಷ್ಟು ಹೊತ್ತು ಬೇಯಿಸಬೇಕು ಹೇಳು’ ಎಂದು ಹಬ್ಬಕ್ಕೆ ಒಂದು ವಾರ ಇರುವಾಗ ಅಣ್ಣ ಮೆಸೇಜ್ ಮಾಡಿದ. ಟರ್ಕಿಯ ರುಚಿಯನ್ನೇ ನೋಡದ ನಾನು ಹೀಟ್ ಟ್ರಾನ್ಸ್‌ಫರ್ ಪುಸ್ತಕ ತೆರೆದೆ.

ಅಷ್ಟು ದೊಡ್ಡ ಕೋಳಿಯನ್ನು ಕೆಂಡದ ನೇರ ಮೇಲೆ ಇಟ್ಟರೆ ಹೊರಗೆ ಕರಕಲು, ಒಳಗೆ ಹಸಿ. ಮಾಂಸದೊಳಗೆ ಶಾಖ ಬಲು ನಿಧಾನವಾಗಿ ಸಾಗುವುದೇ ಇದಕ್ಕೆ ಕಾರಣ. ಹಾಗಾಗಿ ಕೆಂಡವನ್ನು ಎರಡು ಬದಿಗೆ ಸರಿಸಿ, ನಡುವೆ ನೀರಿನ ತಟ್ಟೆ ಇಟ್ಟು, ಅದರ ಮೇಲಿನ ಜಾಲರಿಯಲ್ಲಿ ಕೋಳಿ ಇಡಬೇಕು. ಮುಚ್ಚಳ ಹಾಕಿದರೆ ಬಿಸಿ ಗಾಳಿ ಸುತ್ತಲೂ ಹರಿದು ಒಲೆಯೇ ಓವನ್ ಆಗುತ್ತದೆ. 1952ರಲ್ಲಿ ಷಿಕಾಗೊ ಬಳಿಯ ಲೋಹದ ಕಾರ್ಖಾನೆಯೊಂದರಲ್ಲಿದ್ದ ಜಾರ್ಜ್ ಸ್ಟೀಫನ್, ನೀರಿನ ಮೇಲೆ ತೇಲಿಬಿಡುವ ಗುರುತಿನ ಗೋಳವನ್ನು ಎರಡು ಹೋಳು ಮಾಡಿ ಇಂಥ ಮುಚ್ಚಳದ ಒಲೆ ತಯಾರಿಸಿದರು.

ಇನ್ನು ಸಮಯದ ಲೆಕ್ಕ. ಸ್ಟ್ಯಾನ್‌ಫರ್ಡ್‌ನ ಕಣ ವೇಗವರ್ಧಕ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಭೌತವಿಜ್ಞಾನಿ ವುಲ್ಫ್‌ಗ್ಯಾಂಗ್ ಪನಾಫ್‌ಸ್ಕಿ ಟರ್ಕಿಗೆಂದೇ ಒಂದು ಸೂತ್ರ ಕೊಟ್ಟಿದ್ದಾರೆ. ಪೌಂಡ್‌ಗಳಲ್ಲಿ ತೂಕವನ್ನು ವರ್ಗ ಮಾಡಿ, ಅದರ ಘನಮೂಲ ತೆಗೆದು, 1.5ರಿಂದ ಭಾಗಿಸಿದರೆ ಎಷ್ಟು ಗಂಟೆ ಎಂಬುದು ಸಿಗುತ್ತದೆ. 12 ಪೌಂಡ್‌ಗೆ ಮೂರೂವರೆ ಗಂಟೆ. 24 ಪೌಂಡ್ ಆದರೆ ಏಳು ಗಂಟೆಯಲ್ಲ, ಸುಮಾರು ಐದೂವರೆ. ತೂಕ ಅಳತೆಯ ಘನದಂತೆ ಏರಿದರೆ, ಶಾಖ ಒಳಗೆ ತಲುಪುವ ಸಮಯ ಅಳತೆಯ ವರ್ಗದಂತೆ ಏರುತ್ತದೆ.

ಆದರೆ ಈ ಸೂತ್ರ 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಸ್ಥಿರವಾಗಿರುವ ಓವನ್‌ಗೆ ಮಾಡಿದ್ದು. ಇದ್ದಿಲಿನ ಶಾಖ ಗಾಳಿಗೆ, ಚಳಿಗೆ, ಮುಚ್ಚಳ ತೆಗೆದಾಗಲೆಲ್ಲ ಬದಲಾಗುತ್ತದೆ. ಅದಕ್ಕೇ ಅಣ್ಣನಿಗೆ ಹೀಗೆ ಬರೆದೆ: ‘ಹೆಪ್ಪುಗಟ್ಟಿದ ಕೋಳಿ ಫ್ರಿಜ್‌ನಲ್ಲಿ ಕರಗಲು ಮೂರು ದಿನ ಬೇಕು. ಗಂಟೆಗೊಮ್ಮೆ ಹೊಸ ಇದ್ದಿಲು ಹಾಕು. ಮಳೆ ಬಂದರೂ ಒಲೆಯನ್ನು ಮನೆಯೊಳಗೆ ತರಬೇಡ, ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಮೂರೂವರೆ ಗಂಟೆ ಎಂಬುದು ಅಂದಾಜು ಮಾತ್ರ. ಎದೆಯ ದಪ್ಪ ಭಾಗ, ತೊಡೆಯ ಒಳಭಾಗ ಎರಡರಲ್ಲೂ ಥರ್ಮಾಮೀಟರ್ 74 ಡಿಗ್ರಿ ಸೆಲ್ಸಿಯಸ್ ತೋರಿಸದೆ ಇಳಿಸಬೇಡ. ಅದರ ಮೊನೆ ಮೂಳೆಗೆ ತಾಗಬಾರದು.’

ಮೂರೂವರೆ ಗಂಟೆಗೆ ಚರ್ಮ ಹೊಂಬಣ್ಣಕ್ಕೆ ತಿರುಗಿತ್ತು. ಹಸಿದಿದ್ದವರು ಇಳಿಸೋಣ ಎಂದರು. ತೊಡೆಯಲ್ಲಿ ಇದ್ದದ್ದು 66 ಡಿಗ್ರಿ. ಅಣ್ಣ ಯಾರ ಮಾತಿಗೂ ಜಗ್ಗದೆ ಇನ್ನೂ ನಲವತ್ತು ನಿಮಿಷ ಕಾದ. ಎಂಟೂ ಜನ ಆರೋಗ್ಯವಾಗಿ ಪರೀಕ್ಷೆ ಬರೆದರು.

ಪರೀಕ್ಷೆಯಲ್ಲಿ ಉತ್ತರದ ಕೆಳಗೆ ಗೆರೆ ಎಳೆದು ನಾವು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ನಾಳೆ ಕೆಲಸಕ್ಕೆ ಸೇರಿದಾಗ ಆ ಉತ್ತರವನ್ನು ನಂಬಿ ಯಾರೋ ಬಾಯ್ಲರ್ ಪಕ್ಕ ನಿಲ್ಲುತ್ತಾರೆ, ಯಾರೋ ಲಿಫ್ಟ್ ಹತ್ತುತ್ತಾರೆ. ಸೂತ್ರವನ್ನು ಚೆನ್ನಾಗಿ ಕಲಿಯೋಣ. ಜೊತೆಗೆ, ಎಷ್ಟೇ ಅವಸರವಿದ್ದರೂ ಒಮ್ಮೆ ಅಳೆದು ನೋಡುವ ಅಭ್ಯಾಸವನ್ನೂ ಈಗಲೇ ರೂಢಿಸಿಕೊಳ್ಳೋಣ.