ಹಳೆಯ ಕಾರಿನ ಜೀರ್ಣೋದ್ಧಾರ: ಉಳಿಸುವುದೆಷ್ಟು, ಬದಲಿಸುವುದೆಷ್ಟು?

ಹಳೆಯ ಅಮೆರಿಕನ್ ಚಲನಚಿತ್ರಗಳಲ್ಲಿ ಉದ್ದ ಮೂತಿಯ, ಎರಡೇ ಬಾಗಿಲುಗಳ, ಗುಡುಗಿನಂತೆ ಸದ್ದು ಮಾಡುವ ಕಾರುಗಳನ್ನು ನೀವು ನೋಡಿರಬಹುದು. ಇವುಗಳಿಗೆ ‘ಮಸಲ್ ಕಾರ್’ ಎಂದು ಹೆಸರು. ಮಸಲ್ ಎಂದರೆ ಮಾಂಸಖಂಡ. ಮಧ್ಯಮ ಗಾತ್ರದ ಸಾಧಾರಣ ಕಾರಿನೊಳಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿದರೆ ಸಿಗುವುದೇ ಮಸಲ್ ಕಾರ್. 60 ವರ್ಷ ದಾಟಿದ ಇಂತಹ ಕಾರೊಂದನ್ನು ಮತ್ತೆ ರಸ್ತೆಗಿಳಿಸುವುದು ಹೇಗೆ? ಈ ಕೆಲಸದಲ್ಲಿ ನಿಮ್ಮ ಪಾಠದ ರಸಾಯನಶಾಸ್ತ್ರವಿದೆ, ಭೌತಶಾಸ್ತ್ರವಿದೆ. ಪಾಠದಲ್ಲಿಲ್ಲದ ಒಂದು ಪ್ರಶ್ನೆಯೂ ಇದೆ.

ಉದಾಹರಣೆಗೆ 1964ರ ಪಾಂಟಿಯಾಕ್ ಜಿ.ಟಿ.ಓ. ಕಾರನ್ನು ತೆಗೆದುಕೊಳ್ಳೋಣ. ಮಸಲ್ ಕಾರುಗಳ ಯುಗವನ್ನು ಆರಂಭಿಸಿದ ಕೀರ್ತಿಯನ್ನು ಬಹುಮಂದಿ ಇದಕ್ಕೇ ಕೊಡುತ್ತಾರೆ. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ನಿಯಮವಿತ್ತು. ಅದರ ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ಒಂದು ಉಪಾಯ ಹೂಡಿದರು. ಜಿ.ಟಿ.ಓ.ವನ್ನು ಪ್ರತ್ಯೇಕ ಮಾದರಿಯೆಂದು ತೋರಿಸದೆ, ಟೆಂಪೆಸ್ಟ್ ಶ್ರೇಣಿಯ ಕಾರು ಕೊಳ್ಳುವವರು ಹೆಚ್ಚಿನ ಹಣ ತೆತ್ತು ಪಡೆಯಬಹುದಾದ ಸೌಲಭ್ಯವೆಂದು ಮಾರಿದರು. ಎಂಟು ಸಿಲಿಂಡರುಗಳ ಈ ಎಂಜಿನ್ನಿನ ಗಾತ್ರ 389 ಘನ ಅಂಗುಲ, ಅಂದರೆ ಸುಮಾರು 6.4 ಲೀಟರ್, ಘೋಷಿತ ಶಕ್ತಿ 325 ಅಶ್ವಶಕ್ತಿ. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು. ಪಾಂಟಿಯಾಕ್ ವಿಭಾಗವೇ 2010ರಲ್ಲಿ ಮುಚ್ಚಿಹೋಯಿತು. ಆದ್ದರಿಂದ ಉಳಿದಿರುವ ಕಾರುಗಳು ಒಂದು ಕಾಲದ ದಾಖಲೆಗಳೂ ಹೌದು.

ಇಂತಹ ಕಾರು ಕೈಗೆ ಬಂದಾಗ ಎರಡು ದಾರಿಗಳಿವೆ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಮಾಡುವುದು ಜೀರ್ಣೋದ್ಧಾರ. ಇಂದಿನ ಅನುಕೂಲಕ್ಕೆ ಅಥವಾ ಸ್ವಂತ ಅಭಿರುಚಿಗೆ ತಕ್ಕಂತೆ ಭಾಗಗಳನ್ನು ಬದಲಿಸುವುದು ಮಾರ್ಪಾಡು. ಯಾವ ದಾರಿ ಹಿಡಿದರೂ ಮೊದಲು ಎದುರಾಗುವ ಶತ್ರು ಒಂದೇ: ತುಕ್ಕು.

ತುಕ್ಕಿನ ವಿರುದ್ಧ ಯುದ್ಧ

ಕಬ್ಬಿಣ, ನೀರು ಮತ್ತು ಆಮ್ಲಜನಕ ಸೇರಿದರೆ ತುಕ್ಕು ಹುಟ್ಟುತ್ತದೆಂದು ನೀವು ಓದಿದ್ದೀರಿ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪು ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವುದರಿಂದ ಈ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಅದಕ್ಕೇ ಅರಿಝೋನಾದಂತಹ ಒಣ ಮರುಭೂಮಿಯಲ್ಲಿದ್ದ ಕಾರುಗಳಿಗೆ ಬೇಡಿಕೆ ಹೆಚ್ಚು.

ಜಿ.ಟಿ.ಓ.ದಲ್ಲಿ ದೇಹ ಬೇರೆ, ಅದನ್ನು ಹೊರುವ ಉಕ್ಕಿನ ಚೌಕಟ್ಟು ಬೇರೆ. ಬೋಲ್ಟುಗಳನ್ನು ಬಿಚ್ಚಿ ದೇಹವನ್ನು ಮೇಲೆತ್ತಿದಾಗಲೇ ಒಳಗಿನ ನಿಜ ಸ್ಥಿತಿ ತಿಳಿಯುವುದು. ಕೊಳ್ಳುವ ಮೊದಲು ಪರೀಕ್ಷಿಸಲು ಒಂದು ಅಯಸ್ಕಾಂತ ಸಾಕು. ಅದು ಅಂಟದ ಕಡೆ ತಗಡಿನ ಬದಲು ದಪ್ಪನೆಯ ಪುಟ್ಟಿ ಮೆತ್ತಿದ್ದಾರೆಂದು ಸಂಶಯಪಡಬೇಕು. ತುಕ್ಕು ತಿಂದ ಭಾಗವನ್ನು ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತಗಡನ್ನು ಬೆಸುಗೆ ಹಾಕುವುದೇ ಸರಿಯಾದ ಕ್ರಮ. ಇಲ್ಲಿ ಎಚ್ಚರವೂ ಬೇಕು. ಆ ಕಾಲದ ಬಣ್ಣದಲ್ಲಿ ಸೀಸ, ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರಬಹುದು. ಇವುಗಳ ಧೂಳು ಶ್ವಾಸಕೋಶಕ್ಕೆ ಇಳಿಯಬಾರದು.

ಪೆಟ್ರೋಲು ಬದಲಾಯಿತು

1964ರಲ್ಲಿ ಅಮೆರಿಕದಲ್ಲಿ ಸಿಗುತ್ತಿದ್ದ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತ ಬೆರೆಸಿರುತ್ತಿದ್ದರು. ಅದು ಎಂಜಿನ್ ‘ಕುಟ್ಟುವುದನ್ನು’ ತಡೆಯುತ್ತಿತ್ತು. ಜೊತೆಗೆ, ಹೊಗೆ ಹೊರಹೋಗುವ ಕವಾಟ ಕೂರುವ ಅಂಚಿನ ಮೇಲೆ ತೆಳುವಾದ ಪೊರೆ ಕಟ್ಟಿ ಸವೆತವನ್ನೂ ತಗ್ಗಿಸುತ್ತಿತ್ತು. ಸೀಸ ವಿಷಕಾರಿ, ಮಕ್ಕಳ ಮಿದುಳಿಗೆ ವಿಶೇಷವಾಗಿ ಹಾನಿಕರ. ಅಮೆರಿಕ 1996ರಿಂದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲನ್ನು ನಿಷೇಧಿಸಿತು. ಭಾರತದಲ್ಲಿ ಅದು 2000ದಲ್ಲಿ ಕೊನೆಗೊಂಡಿತು. ಆದ್ದರಿಂದ ಹಳೆಯ ಎಂಜಿನ್ ಬಿಚ್ಚಿದಾಗ ಕವಾಟದ ಅಂಚುಗಳಿಗೆ ಗಟ್ಟಿ ಉಕ್ಕಿನ ಉಂಗುರಗಳನ್ನು ಕೂರಿಸುತ್ತಾರೆ. ಹೊರಗಿನಿಂದ ಇದು ಕಾಣುವುದಿಲ್ಲ, ಆದರೆ ಎಂಜಿನ್ ಬಾಳುತ್ತದೆ.

ಓಡುವುದಕ್ಕಿಂತ ನಿಲ್ಲುವುದು ಮುಖ್ಯ

ಈಗ ಒಂದು ಲೆಕ್ಕ ಮಾಡಿ. ಪ್ರಯಾಣಿಕರೂ ಸೇರಿ ಕಾರಿನ ತೂಕ 1,600 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಅದರ ಚಲನಶಕ್ತಿ ಸುಮಾರು ಒಂದೂವರೆ ಲಕ್ಷ ಜೂಲ್. ವೇಗ 100ಕ್ಕೆ ಏರಿದರೆ ಅದು ಸುಮಾರು ಆರು ಲಕ್ಷ ಜೂಲ್ ಆಗುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ! ನಿಲ್ಲಿಸುವಾಗ ಇದರ ಬಹುಪಾಲು ಬ್ರೇಕಿನಲ್ಲಿ ಶಾಖವಾಗಬೇಕು. 1964ರ ಜಿ.ಟಿ.ಓ.ಗೆ ಇದ್ದದ್ದು ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಮುಚ್ಚಿದ ಡ್ರಮ್ಮಿನಿಂದ ಶಾಖ ಬೇಗ ಹೊರಹೋಗದು. ಮತ್ತೆ ಮತ್ತೆ ಒತ್ತಿದರೆ ಡ್ರಮ್ ಹಿಗ್ಗುತ್ತದೆ, ಪಟ್ಟಿಯ ಘರ್ಷಣೆ ಕುಗ್ಗುತ್ತದೆ, ಕಾಲು ಒತ್ತಿದರೂ ಕಾರು ನಿಲ್ಲದು. ಇನ್ನೊಂದು ದೋಷವೆಂದರೆ ನಾಲ್ಕೂ ಚಕ್ರಗಳಿಗೆ ಬ್ರೇಕ್ ದ್ರವದ ಒಂದೇ ವ್ಯವಸ್ಥೆ. ಎಲ್ಲಿ ಸೋರಿದರೂ ಎಲ್ಲ ಬ್ರೇಕೂ ಹೋದಂತೆ. ಹೀಗಾಗಿ ರಸ್ತೆಯಲ್ಲಿ ಓಡಿಸಬಯಸುವವರು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಜೊತೆಗೆ ಎರಡು ಭಾಗಗಳ ದ್ರವ ವ್ಯವಸ್ಥೆ ಹಾಕಿಸುತ್ತಾರೆ. ಇವನ್ನು ಬೋಲ್ಟು ಬಿಗಿದು ಜೋಡಿಸಬಹುದು. ಹಳೆಯ ಭಾಗಗಳನ್ನು ಎತ್ತಿಟ್ಟರೆ ಮುಂದೊಂದು ದಿನ ಮತ್ತೆ ಕೂರಿಸಲೂಬಹುದು.

ಅಸಲಿಯೋ, ನಕಲಿಯೋ?

ಪಾಠದಲ್ಲಿಲ್ಲದ ಪ್ರಶ್ನೆ ಇದು. 1964 ಮತ್ತು 1965ರಲ್ಲಿ ಜಿ.ಟಿ.ಓ. ಕೇವಲ ಐಚ್ಛಿಕ ಸೌಲಭ್ಯವಾಗಿದ್ದುದರಿಂದ, ಕಾರಿನ ಗುರುತು ಸಂಖ್ಯೆ ನೋಡಿ ಅದು ಅಸಲಿ ಜಿ.ಟಿ.ಓ. ಎಂದು ಹೇಳಲಾಗದು. ಸಾಧಾರಣ ಕಾರಿಗೆ ಲಾಂಛನ ಅಂಟಿಸಿ, ದೊಡ್ಡ ಎಂಜಿನ್ ಕೂರಿಸಿ ಹೆಚ್ಚು ಬೆಲೆಗೆ ಮಾರುವುದಕ್ಕೆ ಇದು ದಾರಿಮಾಡಿತು. ಕಾರ್ಖಾನೆಯ ಮೂಲ ದಾಖಲೆಗಳೊಂದೇ ಖಚಿತ ಸಾಕ್ಷಿ. ಅಂತಹ ಪ್ರತಿಕೃತಿ ಮಾಡುವುದು ತಪ್ಪಲ್ಲ. ಅದನ್ನು ಅಸಲಿಯೆಂದು ಹೇಳುವುದು ಮೋಸ.

ಹಾಗಾದರೆ ಉಳಿಸುವುದೆಷ್ಟು, ಬದಲಿಸುವುದೆಷ್ಟು? ಪ್ರತಿ ಬದಲಾವಣೆಗೂ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಜೀವ ಉಳಿಸುತ್ತದೆಯೇ? ಇದನ್ನು ಹಿಂದಿನ ಸ್ಥಿತಿಗೆ ತರಲು ಸಾಧ್ಯವೇ? ಕತ್ತರಿಸಿ ಎಸೆದ ಮೂಲ ಭಾಗ ಮರಳಿ ಬಾರದು. ಬಿಚ್ಚುವಾಗ ಛಾಯಾಚಿತ್ರ ತೆಗೆಯಿರಿ, ತೆಗೆದ ಭಾಗಕ್ಕೆ ಚೀಟಿ ಕಟ್ಟಿ, ಮಾಡಿದ್ದನ್ನೆಲ್ಲ ಬರೆದಿಡಿ. ಅಜ್ಜನ ಕಾಲದ ಸ್ಕೂಟರಾಗಲಿ, ಅಟ್ಟದ ಮೇಲಿನ ವಾಲ್ವ್ ರೇಡಿಯೋ ಆಗಲಿ, ನಿಮ್ಮ ಕೈಗೆ ಬಂದ ಯಾವ ಹಳೆಯ ಯಂತ್ರಕ್ಕೂ ಈ ಮಾತು ಸಲ್ಲುತ್ತದೆ.