ದಂಡು ಮರಳಿದ ಮೇಲೆ

ಪರನಾಡಿನಲ್ಲಿ ಹೂಡಿದ ಯುದ್ಧವೊಂದು ವರ್ಷಗಟ್ಟಲೆ ಮುಗಿಯದೆ ನಿಂತಾಗ, ಅದನ್ನು ಹೂಡಿದ ದೇಶದಲ್ಲಿ ಒಂದು ಚರ್ಚೆ ಹುಟ್ಟುವುದು ಸಹಜ: ದಂಡನ್ನು ಹಿಂದಕ್ಕೆ ಕರೆಸಬೇಕೆ, ಬೇಡವೆ? ವಿಯೆಟ್ನಾಮಿನ ಕಾಲದಲ್ಲಿ ಅಮೆರಿಕೆಯವರು ಹೀಗೆ ಚರ್ಚಿಸಿದರು. ಅಫಘಾನಿಸ್ತಾನದ ವಿಷಯದಲ್ಲಿ ಮೊದಲು ರಷ್ಯದವರಿಗೆ, ಅನಂತರ ಪುನಃ ಅಮೆರಿಕೆಯವರಿಗೆ ಇದೇ ಪ್ರಶ್ನೆ ಎದುರಾಯಿತು. ನಾವೂ ಇದಕ್ಕೆ ಹೊರತಲ್ಲ. 1987ರಿಂದ 1990ರ ತನಕ ನಮ್ಮ ಸೈನ್ಯ ಶ್ರೀಲಂಕೆಯಲ್ಲಿದ್ದಾಗ ನಮ್ಮ ಪತ್ರಿಕೆಗಳಲ್ಲೂ ಪಾರ್ಲಿಮೆಂಟಿನಲ್ಲೂ ಇದೇ ಮಾತು ನಡೆದಿತ್ತು. ಈ ಚರ್ಚೆಯಲ್ಲಿರುವ ವಿಚಿತ್ರವೇನೆಂದರೆ, ಅದು ಯಾವಾಗಲೂ ನಡೆಯುವುದು ದಂಡು ಹೊರಟ ಊರಿನಲ್ಲಿ. ದಂಡು ಬೀಡುಬಿಟ್ಟ ಊರಿನಲ್ಲಲ್ಲ. ಬೀಡುಬಿಟ್ಟ ಊರಿನವರ ಅಭಿಪ್ರಾಯವನ್ನು ಕೇಳುವ ಪದ್ಧತಿ ಇಲ್ಲ.

ಮಣಿಪಾಲದ ಕಾಲೇಜೊಂದರಲ್ಲಿ ಈ ವಿಷಯವನ್ನೇ ಚರ್ಚಾಸ್ಪರ್ಧೆಗೆ ಇಟ್ಟಿದ್ದರು. ತೀರ್ಪುಗಾರರ ಸಾಲಿನಲ್ಲಿ ನಾನೂ ಕುಳಿತಿದ್ದೆ. ಬೇಡವೆಂದವರು ಸುರಿದ ರಕ್ತ ವ್ಯರ್ಥವಾಗಬಾರದೆಂದರು, ದೇಶದ ಮಾನ ಹೋಗುವುದೆಂದರು. ಬೇಕೆಂದವರು ಖರ್ಚಿನ ಲೆಕ್ಕವನ್ನು ಹೇಳಿದರು, ತಾಯಂದಿರ ಕಣ್ಣೀರನ್ನು ವರ್ಣಿಸಿದರು. ಮಾತಿನ ಚಾತುರ್ಯಕ್ಕೇನೂ ಕೊರತೆಯಿರಲಿಲ್ಲ. ಆದರೆ ಎರಡು ಗಂಟೆಯ ಆ ವಾಗ್ವಾದದಲ್ಲಿ ಮೂರನೆಯ ಕಕ್ಷಿಯೊಂದು ಇದೆಯೆಂದು ಯಾರೊಬ್ಬರೂ ನೆನೆಯಲಿಲ್ಲ. ಆ ಕಾಲೇಜಿನಿಂದ ಮೂವತ್ತು ಮೈಲಿಯೂ ಇಲ್ಲದ ಕಾರ್ಕಳದ ಅತ್ತೂರು ಆ ಮೂರನೆಯ ಕಕ್ಷಿಯ ಊರು. ಅದರ ಕಥೆಯನ್ನು ಹೇಳದೆ ಈ ಪ್ರಶ್ನೆಗೆ ಉತ್ತರ ಹೇಳಹೊರಡುವುದು ಸರಿಯಲ್ಲವೆಂದು ನನ್ನ ಭಾವನೆ.

ನಮ್ಮ ಕರಾವಳಿ 1763ರಲ್ಲಿ ಬಿದನೂರಿನೊಡನೆ ಹೈದರಾಲಿಯ ಕೈಸೇರಿತು. ಮುಂದೆ ಐದು ವರ್ಷಕ್ಕೆ, 1768ರಲ್ಲಿ, ಮುಂಬಯಿಯ ಇಂಗ್ಲಿಷರು ಹಡಗಿನಲ್ಲಿ ಬಂದು ಮಂಗಳೂರನ್ನು ಹಿಡಿದರು. ಕೆಲವೇ ತಿಂಗಳಲ್ಲಿ ಮೈಸೂರಿನ ದಂಡು ಇಳಿದುಬಂದಾಗ ಅವರು ಹಡಗು ಹತ್ತಿದ ಅವಸರ ಹೇಗಿತ್ತೆಂದರೆ, ತಮ್ಮದೇ ರೋಗಿಗಳನ್ನೂ ಗಾಯಾಳುಗಳನ್ನೂ ದಡದಲ್ಲೇ ಬಿಟ್ಟುಹೋದರು. ತಮ್ಮವರ ಗತಿಯೇ ಹೀಗಾದ ಮೇಲೆ ಅವರಿಗೆ ಅಕ್ಕಿ ಕೊಟ್ಟವರ, ದಾರಿ ತೋರಿಸಿದವರ ಗತಿಯನ್ನು ಯೋಚಿಸುವ ಪುರುಸೊತ್ತು ಯಾರಿಗಿತ್ತು?

ಎರಡನೆಯ ಸಲ ಅವರು ಬಂದುದು 1783ರ ಆರಂಭದಲ್ಲಿ. ಯುದ್ಧ ಹೊತ್ತಿ ಆಗಲೇ ಮೂರನೆಯ ವರ್ಷ ನಡೆಯುತ್ತಿತ್ತು. 1780ರಲ್ಲಿ ಹೈದರನು ಘಟ್ಟ ಇಳಿದು ಆರ್ಕಾಟಿನ ಸೀಮೆಗೆ ನುಗ್ಗಿದ್ದ. ಪೊಲ್ಲಿಲೂರಿನಲ್ಲಿ ಕುಂಪಣಿಯ ಸೈನ್ಯವೊಂದು ಪೂರಾ ನಾಶವಾಗಿತ್ತು. 1782ರ ಡಿಸೆಂಬರಿನಲ್ಲಿ ಹೈದರ ತೀರಿಕೊಂಡ. ಟಿಪ್ಪು ಇನ್ನೂ ಪೂರ್ವದಲ್ಲಿರುವಾಗಲೇ ಜನರಲ್ ಮ್ಯಾಥ್ಯೂಸ್ ಎಂಬವನು ಹೊನ್ನಾವರ, ಕುಂದಾಪುರಗಳನ್ನು ಹಿಡಿದು ಹೊಸಂಗಡಿ ಘಟ್ಟವನ್ನೇರಿ ಬಿದನೂರನ್ನು ವಶಮಾಡಿಕೊಂಡ. ಮಾರ್ಚಿನಲ್ಲಿ ಮಂಗಳೂರೂ ಅವನ ಕೈಸೇರಿತು. ಟಿಪ್ಪು ತಡಮಾಡಲಿಲ್ಲ. ಬೇಸಗೆ ಮುಗಿಯುವುದರೊಳಗೆ ಬಿದನೂರು ಅವನಿಗೆ ಮರಳಿತು. ಮ್ಯಾಥ್ಯೂಸ್ ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲೇ ಸತ್ತ. ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಬಿತ್ತು.

ಒಂದು ಇಡೀ ಮಳೆಗಾಲ ದಾಟಿ ನಡೆದ ಮುತ್ತಿಗೆಯದು. ಒಳಗೆ ಕರ್ನಲ್ ಕ್ಯಾಂಬೆಲ್, ಹೊರಗೆ ಟಿಪ್ಪುವಿನ ದಂಡು, ಅದರ ಜೊತೆಗೆ ಫ್ರೆಂಚರ ಒಂದು ತುಕಡಿ. ಜುಲೈಯಲ್ಲಿ ಯುರೋಪಿನಿಂದ ಸುದ್ದಿ ಬಂತು: ಫ್ರೆಂಚರಿಗೂ ಇಂಗ್ಲಿಷರಿಗೂ ಸಂಧಿಯಾಗಿದೆ. ಅಷ್ಟೇ ಸಾಕಾಯಿತು, ಕೋಟೆಗೋಡೆ ಬೀಳುವ ಹೊತ್ತಿಗೆ ಫ್ರೆಂಚರು ತಮ್ಮ ತೋಪುಗಳ ಬಳಿಯಿಂದ ಎದ್ದು ನಿಂತರು. ತಮಗೆ ಯುದ್ಧ ಮುಗಿಯಿತೆಂದು ಅವರೆಂದರು, ಟಿಪ್ಪುವಿಗೆ ಮುಗಿದಿರಲಿಲ್ಲ. ಪರಕೀಯನೊಬ್ಬನ ಬಲವನ್ನು ನಂಬಿದವನಿಗೆ ಆಗುವ ಪಾಡು ಸುಲ್ತಾನನಿಗೂ ತಪ್ಪಲಿಲ್ಲವೆಂಬುದನ್ನು ಗಮನಿಸಬೇಕು. ಆಗಸ್ಟಿನಲ್ಲಿ ಕದನವಿರಾಮವಾಯಿತು. ಆದರೆ ಕೋಟೆಯೊಳಗೆ ಹಸಿವು ಬೆಳೆಯಿತು. ಕುದುರೆ, ನಾಯಿಗಳನ್ನು ತಿಂದರು. 1784ರ ಜನವರಿಯ ಕೊನೆಗೆ ಕ್ಯಾಂಬೆಲ್ ಕೋಟೆಯನ್ನು ಒಪ್ಪಿಸಿ, ಉಳಿದವರೊಂದಿಗೆ ತಲಚೇರಿಗೆ ಹಡಗು ಹತ್ತಿದ.

ಈ ಹೊತ್ತಿನಲ್ಲಿ ಕುಂಪಣಿಯವರಲ್ಲೇ ನಮ್ಮ ಮಣಿಪಾಲದ ಚರ್ಚೆ ನಡೆಯಿತೆನ್ನಬೇಕು. ಮದರಾಸಿನ ಗವರ್ನರ್ ಮೆಕಾರ್ಟ್ನಿಗೆ ಬೊಕ್ಕಸ ಬರಿದಾಗಿತ್ತು, ಯುದ್ಧ ಸಾಕಾಗಿತ್ತು. ಕಲ್ಕತ್ತೆಯ ವಾರನ್ ಹೇಸ್ಟಿಂಗ್ಸನಿಗೆ ಈ ಸಂಧಿ ಸ್ವಲ್ಪವೂ ಹಿಡಿಸಲಿಲ್ಲ. ಪಾಲಘಾಟು, ಕೊಯಮತ್ತೂರುಗಳನ್ನು ಗೆದ್ದು ಶ್ರೀರಂಗಪಟ್ಟಣದ ದಾರಿ ಹಿಡಿಯಲಿದ್ದ ಕರ್ನಲ್ ಫುಲ್ಲರ್ಟನ್ನನಿಗೆ ನಿಲ್ಲು ಎಂಬ ಆಜ್ಞೆ ಮದರಾಸಿನಿಂದ ಹೋಯಿತು. ಅವನ ಕೋಪವನ್ನು ಊಹಿಸಬಹುದು. ಕೊನೆಗೆ 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಒಪ್ಪಂದವಾಯಿತು. ಇವರು ಗೆದ್ದುದನ್ನು ಅವರಿಗೆ, ಅವರು ಗೆದ್ದುದನ್ನು ಇವರಿಗೆ ಮರಳಿಸುವುದೆಂದು ಕರಾರು. ನಾಲ್ಕು ವರ್ಷದ ರಕ್ತಪಾತದ ಫಲ, ಮೊದಲು ಇದ್ದಲ್ಲಿಗೇ ಬಂದು ನಿಂತುದು. ಅದೇ ವರ್ಷ ಆಗಸ್ಟಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಪಿಟ್ಟನ ಕಾಯಿದೆಯಲ್ಲಿ, ಹಿಂದೂಸ್ಥಾನದಲ್ಲಿ ರಾಜ್ಯ ಗೆಲ್ಲುತ್ತ ಹೋಗುವುದು ತಮ್ಮ ರಾಷ್ಟ್ರದ ಇಚ್ಛೆಗೂ ಮರ್ಯಾದೆಗೂ ವಿರುದ್ಧವೆಂದು ಬರೆಯಿತು. ಆರು ವರ್ಷ ಕಳೆಯುವಷ್ಟರಲ್ಲಿ ಅವರು ಮತ್ತೆ ಮೈಸೂರಿನ ಮೇಲೆ ದಂಡೆತ್ತಿ ಬಂದರು. ಅದು ಬೇರೆಯೇ ಕಥೆ.

ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಅಲ್ಲಿ ನಿಂತು ನೋಡಿದರೆ ಒಂದು ವಿಷಯ ಪುಸ್ತಕವಿಲ್ಲದೆ ತಿಳಿಯುತ್ತದೆ. ಪಡುವಣಕ್ಕೆ ಎಲ್ಲೆಯಿಲ್ಲದ ಕಡಲು. ಮೂಡಣಕ್ಕೆ ತೆಂಗಿನ ತೋಟ, ಬೈಲು, ಗದ್ದೆ, ದೂರದಲ್ಲಿ ಘಟ್ಟದ ನೀಲಿ. ಕಡಲಿನಿಂದ ಬಂದವನಿಗೆ ಕಡಲೇ ಬಾಗಿಲು. ಗಾಳಿ ಅನುಕೂಲವಾದರೆ ಒಂದು ರಾತ್ರಿಯಲ್ಲಿ ಹೊರಟುಹೋಗಬಲ್ಲ. ಗದ್ದೆಯವನಿಗೆ ಆ ಬಾಗಿಲಿಲ್ಲ. ಅವನ ಗದ್ದೆ ಹಡಗು ಹತ್ತುವುದಿಲ್ಲ.

ಕಾರ್ಕಳ ಸೀಮೆಯ ಕೊಂಕಣಿ ಕ್ರೈಸ್ತರು ಗದ್ದೆಯವರು. ಅತ್ತೂರಿನಲ್ಲಿ ಅವರು 1759ರಲ್ಲಿ ಸಂತ ಲಾರೆನ್ಸನ ಇಗರ್ಜಿಯೊಂದನ್ನು ಕಟ್ಟಿಕೊಂಡಿದ್ದರು. ಮ್ಯಾಥ್ಯೂಸನ ದಂಡಿಗೆ ಕ್ರೈಸ್ತರು ದವಸವನ್ನೂ ಹಣವನ್ನೂ ಒದಗಿಸಿದರೆಂಬುದು ಅವರ ಮೇಲೆ ಬಂದ ಆರೋಪ. ಕೆಲವರು ಒದಗಿಸಿದ್ದಿರಬಹುದು. ಆದರೆ ಬಂದೂಕು ಹಿಡಿದವನು ಅಂಗಳಕ್ಕೆ ಬಂದು ಅಕ್ಕಿ ಕೇಳಿದಾಗ ಕೊಡುವುದು ಪಕ್ಷ ಹಿಡಿದಂತೆ ಆಗುತ್ತದೆಯೆ? ನಮ್ಮ ಉಡುಪಿಯಲ್ಲಿ ಒಂದು ಕಥೆ ಹೇಳುತ್ತಾರೆ: ಕುರುಕ್ಷೇತ್ರದಲ್ಲಿ ಉಡುಪಿಯ ಅರಸನು ಯಾರ ಪಕ್ಷವನ್ನೂ ಸೇರದೆ ಎರಡೂ ಪಾಳೆಯಕ್ಕೆ ಅಡುಗೆ ಮಾಡಿ ಬಡಿಸಿದನಂತೆ. ಹೋಟೆಲಿನ ಕಸುಬಿನಲ್ಲಿ ಹೆಸರುಮಾಡಿದ ನಮ್ಮವರಿಗೆ ಈ ಕಥೆಯ ಮೇಲೆ ಬಹಳ ಅಭಿಮಾನ. ಇರಲಿ. ಅರಸನಾದವನು ಎರಡು ಪಾಳೆಯಕ್ಕೂ ಬಡಿಸಿ ಉಳಿಯಬಲ್ಲ. ಒಕ್ಕಲಿನವನ ಮನೆಯಲ್ಲಿರುವುದು ಒಂದೇ ಅಕ್ಕಿಮುಡಿ. ಮೊದಲು ಬಂದವನಿಗೆ ಅದು ಹೋದ ಮೇಲೆ, ಅನಂತರ ಬಂದವನ ಕಣ್ಣಿಗೆ ಅವನು ದ್ರೋಹಿ.

1784ರ ಫೆಬ್ರವರಿ 24. ಕ್ಯಾಂಬೆಲ್ ಕೋಟೆ ಬಿಟ್ಟು ಒಂದು ತಿಂಗಳಾಗಿರಲಿಲ್ಲ. ಒಪ್ಪಂದಕ್ಕೆ ಇನ್ನೂ ಹದಿನಾರು ದಿನವಿತ್ತು. ಅಂದು ಕರಾವಳಿಯ ಕ್ರೈಸ್ತರನ್ನು ಊರೂರಿನಿಂದ ಹಿಡಿದು, ಹೆಂಗಸರು ಮಕ್ಕಳೆನ್ನದೆ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಅನೇಕರು ದಾರಿಯಲ್ಲೇ ಸತ್ತರು. ಇಗರ್ಜಿಗಳು ಕೆಡವಲ್ಪಟ್ಟವು, ಅತ್ತೂರಿನದೂ ಹೋಯಿತು. ಮಾರ್ಚಿನ ಒಪ್ಪಂದದಲ್ಲಿ ಕೋಟೆಗಳ ಮಾತು, ಸೀಮೆಗಳ ಮಾತು, ಸೆರೆಯಾಳುಗಳ ಮಾತು ಎಲ್ಲವೂ ಬಂದವು. ಅದರಿಂದ ಇವರು ಮಾತ್ರ ಮನೆಗೆ ಬರಲಿಲ್ಲ. ಉಳಿದವರಲ್ಲಿ ಬಹುಮಂದಿ ಬಂದುದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹದಿನೈದು ವರ್ಷಕ್ಕೆ. ಟಿಪ್ಪು ತನ್ನ ನೆಲವನ್ನು ಪರಕೀಯರಿಂದ ಕಾದುಕೊಂಡವನೆಂಬುದು ನಿಜ. ಕೆಲವರ ಮೇಲಿನ ಶಂಕೆಗೆ ಒಂದು ಸಮುದಾಯವನ್ನೇ ದಂಡಿಸಿದನೆಂಬುದೂ ನಿಜ. ಒಂದನ್ನು ಹೇಳಿದರೆ ಇನ್ನೊಂದನ್ನು ಅಲ್ಲಗಳೆಯಬೇಕೆಂಬ ಈಗಿನ ಜಗಳ ನನಗೆ ಅರ್ಥವಾಗುವುದಿಲ್ಲ.

ಅತ್ತೂರಿಗೆ ಮರಳಿದವರು ಮತ್ತೆ ಇಗರ್ಜಿ ಕಟ್ಟಿದರು. 2016ರಲ್ಲಿ ಅದು ಬಸಿಲಿಕ ಎಂಬ ಪದವಿ ಪಡೆಯಿತು. ಜನವರಿಯ ಸಾಂತ್‌ಮಾರಿ ಜಾತ್ರೆಗೆ ಎಲ್ಲ ಮತದವರೂ ಮೇಣದಬತ್ತಿ ಹಿಡಿದು ಹೋಗುತ್ತಾರೆ. ಅದೇ ಕಾರ್ಕಳದ ಬಂಡೆಯ ಮೇಲೆ 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಗೊಮ್ಮಟನಿದ್ದಾನೆ. ದಂಡುಗಳನ್ನು ದೂರವಿಟ್ಟು ಅಣ್ಣನೊಡನೆ ತಾನೊಬ್ಬನೇ ಹೋರಿ, ಗೆಲುವು ಕೈಗೆ ಬಂದ ಕ್ಷಣದಲ್ಲಿ ಹಿಂದೆ ಸರಿದವನು. ಗೆದ್ದು ಬಿಟ್ಟವನಿಗೆ ನಾವು ಕೈಮುಗಿಯುತ್ತೇವೆ. ಲೋಕದ ಸೇನೆಗಳಾದರೋ ಸೋಲು ಖಚಿತವಾದ ಮೇಲಷ್ಟೇ ಹೊರಡುವುದು. ಆಗ ಯಾರಿಗಾಗಿಯೂ ಏನನ್ನೂ ಕೇಳಿ ಪಡೆಯುವ ಬಲ ಅವಕ್ಕೆ ಉಳಿದಿರುವುದಿಲ್ಲ.

ಹಾಗಾದರೆ ಹೊರಡಬಾರದೆನ್ನೋಣವೆ? ಖಂಡಿತ ಹಾಗಲ್ಲ. ನಂಬಿದವರನ್ನು ಕಾಪಾಡಲಿಕ್ಕಾಗಿ ಇದ್ದೇವೆಂಬ ಮಾತನ್ನು ನಾವು 1947ರ ತನಕ ಇಂಗ್ಲಿಷರ ಬಾಯಿಂದ ಬೇಕಾದಷ್ಟು ಕೇಳಿದ್ದೇವೆ. ಇರಬಯಸುವವನಿಗೆ ಅದಕ್ಕಿಂತ ಚೆಂದದ ನೆಪವಿಲ್ಲ. ಫುಲ್ಲರ್ಟನ್ ಮುಂದುವರಿದಿದ್ದರೆ ಸುಟ್ಟ ಊರುಗಳ ಪಟ್ಟಿ ಉದ್ದವಾಗುತ್ತಿತ್ತೇ ಹೊರತು ಅತ್ತೂರಿನ ಒಕ್ಕಲುಗಳಿಗೆ ಅದರಿಂದ ಹಿತವಾಗುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಪರರ ನೆಲದ ಯುದ್ಧದಿಂದ ಹೊರಡಬೇಕು. ಬೇಗ ಹೊರಟಷ್ಟೂ ಒಳ್ಳೆಯದು. ಆದರೆ ಹೊರಡುವ ದಿನವನ್ನು ಗೊತ್ತುಮಾಡುವ ಮೊದಲೇ ಒಂದು ಲೆಕ್ಕ ಚುಕ್ತಾ ಆಗಬೇಕು: ನಮ್ಮ ಮಾತನ್ನು ನಂಬಿದವರು ಯಾರು, ಅವರು ಎಲ್ಲಿರಬೇಕು, ಅವರ ಮೈಮುಟ್ಟುವುದಿಲ್ಲವೆಂಬ ಕರಾರಿಗೆ ಎದುರುಕಕ್ಷಿ ಸಹಿ ಹಾಕಿದೆಯೆ, ಹಾಕದಿದ್ದರೆ ಹಡಗಿನಲ್ಲಿ ಅವರಿಗೆ ಎಡೆಯಿದೆಯೆ? 1962ರಲ್ಲಿ ಫ್ರೆಂಚರು ಅಲ್ಜೀರಿಯವನ್ನು ಬಿಟ್ಟರು, ಬಿಟ್ಟುದು ನ್ಯಾಯವೇ. ತಮ್ಮ ಪರವಾಗಿ ಹೋರಿದ ಅಲ್ಜೀರಿಯದ ಸಿಪಾಯಿಗಳ ಕೈಯಿಂದ ಬಂದೂಕು ಕಸಿದುಕೊಂಡು ಹೆಚ್ಚಿನವರನ್ನು ಅಲ್ಲೇ ಬಿಟ್ಟುದು ಅನ್ಯಾಯ. ಕೆಲವು ಅಧಿಕಾರಿಗಳು ಮೇಲಿನವರ ಆಜ್ಞೆಯನ್ನು ಮೀರಿ ತಮ್ಮ ಸಿಪಾಯಿಗಳನ್ನು ಸಂಸಾರಸಹಿತ ಫ್ರಾನ್ಸಿಗೆ ಕರೆತಂದರು. ಆ ಯುದ್ಧದಲ್ಲಿ ಮಾನ ಉಳಿಸಿದವರು ಅವರೆಂದೇ ನಾನು ತಿಳಿದಿದ್ದೇನೆ.

ನಮ್ಮ ಲೆಕ್ಕವೂ ಚೊಕ್ಕಟವಾಗಿಲ್ಲ. 1987ರ ಜುಲೈ 29ರ ಒಪ್ಪಂದದಂತೆ ಶಾಂತಿ ಕಾಯಲು ಶ್ರೀಲಂಕೆಗೆ ಹೋದ ನಮ್ಮ ಸೈನ್ಯ ಅಕ್ಟೋಬರಿನಿಂದ ಪುಲಿಗಳೊಡನೆ ಕಾದಿತು. 1,100ಕ್ಕೂ ಮಿಕ್ಕಿ ಯೋಧರು ಮಡಿದರು. 1989ರಲ್ಲಿ ಅಧ್ಯಕ್ಷ ಪ್ರೇಮದಾಸರೇ ಹೋಗಿರೆಂದರು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ತಿರುಕೋಣಮಲೆಯಿಂದ ಹಡಗು ಹತ್ತಿತು. ಹೊರಟುದು ಸರಿ. ಆದರೆ ನಮ್ಮ ಬೆಂಬಲದಿಂದ ಅಲ್ಲಿ ತಮಿಳು ರಾಷ್ಟ್ರೀಯ ಸೇನೆ ಎಂಬುದೊಂದು ಎದ್ದಿತ್ತು. ಬಲಾತ್ಕಾರದಿಂದ ಹಿಡಿದು ತಂದ ಹುಡುಗರೂ ಅದರಲ್ಲಿದ್ದರು. ನಮ್ಮ ಬೆನ್ನಾದೊಡನೆ ಅದನ್ನು ಪುಲಿಗಳು ಅಳಿಸಿಹಾಕಿದರು. ಮುಖ್ಯಮಂತ್ರಿ ವರದರಾಜ ಪೆರುಮಾಳರು ಭಾರತಕ್ಕೆ ಬಂದು ಉಳಿದರು. ಅವರ ಪಕ್ಷದ ಪದ್ಮನಾಭರು ಅದೇ ಜೂನಿನಲ್ಲಿ ಮದರಾಸಿನಲ್ಲೇ ಹತರಾದರು. ಮುಂದಿನ ವರ್ಷ ಶ್ರೀಪೆರಂಬದೂರಿನಲ್ಲಿ ರಾಜೀವ ಗಾಂಧಿಯವರ ಕೊಲೆಯಾಯಿತು; ಕೊಲೆಗಾರರ ಜಾಡು 1991ರ ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಮುಗಿಯಿತು. ಮಡಿದ ನಾಯಕರ ಹೆಸರು ನಮಗೆ ನೆನಪಿದೆ. ಬಲಾತ್ಕಾರದಿಂದ ಸಮವಸ್ತ್ರ ತೊಟ್ಟ ಆ ಹುಡುಗರ ಹೆಸರನ್ನು ನಮ್ಮಲ್ಲಿ ಯಾರೂ ಬರೆದಿಟ್ಟಿಲ್ಲ.

2021ರ ಆಗಸ್ಟಿನಲ್ಲಿ ಅಮೆರಿಕೆಯ ಸೈನ್ಯ ಇಪ್ಪತ್ತು ವರ್ಷದ ಮೇಲೆ ಕಾಬೂಲನ್ನು ಬಿಟ್ಟಾಗ, ಅಲ್ಲಿನ ಸೈನಿಕ ನೆಲೆಗಳಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯ ಕೆಲವರು ವಿಮಾನದಲ್ಲಿ ಎಡೆ ದೊರೆತು ಮನೆ ಸೇರಿದರು. ಅದೇ ವಾರಗಳಲ್ಲಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಅಫಘಾನ್ ವಿದ್ಯಾರ್ಥಿಗಳು, ಊರಿನಲ್ಲಿ ಉಳಿದ ತಂದೆತಾಯಿಯರ ಸುದ್ದಿಗಾಗಿ ದೂರವಾಣಿ ಹಿಡಿದು ಕಾಯುತ್ತಿದ್ದರು.