ಹಿಮ ಎಲ್ಲಿಗೆ ನಿಂತಿದೆ?

ಮನೆಯ ಫ್ರಿಜ್ ತಣ್ಣಗಾಗುತ್ತಿಲ್ಲ ಎಂಬ ದೂರಿಗೆ ನಮ್ಮ ಊರುಗಳಲ್ಲಿ ಮೊದಲು ಸಿಗುವ ಉತ್ತರ ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು’ ಎಂಬುದು. ಈ ಉತ್ತರ ಎಷ್ಟೋ ಸಲ ತಪ್ಪಾಗಿರುತ್ತದೆ, ಸರಿಯಿದ್ದಾಗಲೂ ಅರ್ಧ ಮಾತ್ರ ಸರಿಯಾಗಿರುತ್ತದೆ. ಫ್ರಿಜ್‌ನ ಕೊಳವೆಗಳಲ್ಲಿ ಸುತ್ತುವ ಶೀತಕ, ಅಂದರೆ ಆಡುಮಾತಿನ ಗ್ಯಾಸ್, ಅಡುಗೆ ಸಿಲಿಂಡರಿನ ಅನಿಲದಂತೆ ಬಳಸಿದಷ್ಟೂ ಮುಗಿಯುವ ವಸ್ತುವಲ್ಲ. ಕಾರ್ಖಾನೆಯಲ್ಲಿ ಒಮ್ಮೆ ತುಂಬಿ ಬೆಸೆದು ಮುಚ್ಚಿದ ಅದೇ ಶೀತಕ ಯಂತ್ರ ಬಾಳುವಷ್ಟು ಕಾಲವೂ ಉಳಿಯಬೇಕು. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥವಾಗಿದ್ದು, ಸೋರಿದ ಜಾಗವನ್ನು ಹುಡುಕದೆ ಮತ್ತೆ ತುಂಬಿಸುವುದು ಹಣವನ್ನೂ ಅನಿಲವನ್ನೂ ಗಾಳಿಗೆ ಬಿಟ್ಟ ಹಾಗೆಯೇ.

ಶೀತಕದ ದಾರಿ ಓದುಗರಿಗೆ ಗೊತ್ತಿರುವಂಥದ್ದೇ: ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ, ಕಂಡೆನ್ಸರ್ ಆ ಬಿಸಿಯನ್ನು ಹೊರಗೆ ಬಿಟ್ಟು ದ್ರವವಾಗಿಸುತ್ತದೆ, ಫಿಲ್ಟರ್ ಡ್ರೈಯರ್ ಎಂಬ ಸಣ್ಣ ಡಬ್ಬಿ ತೇವವನ್ನು ಹೀರಿಕೊಳ್ಳುತ್ತದೆ, ಒಂದು ಮಿಲಿಮೀಟರ್‌ಗಿಂತಲೂ ಕಿರಿದಾದ ರಂಧ್ರವುಳ್ಳ ಉದ್ದನೆಯ ಕ್ಯಾಪಿಲ್ಲರಿ ಕೊಳವೆ ಒತ್ತಡವನ್ನು ಇಳಿಸುತ್ತದೆ, ಕೊನೆಗೆ ಫ್ರೀಜರಿನ ಕೂಲಿಂಗ್ ಕಾಯಿಲ್‌ನಲ್ಲಿ ದ್ರವ ಕುದಿದು ಆವಿಯಾಗುತ್ತ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ದ್ರವ ಎಲ್ಲಿಯವರೆಗೆ ಕುದಿಯುತ್ತಿದೆಯೋ ಅಲ್ಲಿಯವರೆಗೆ ಕಾಯಿಲ್‌ನ ಮೇಲೆ ಹಿಮ ಕೂಡುತ್ತದೆ ಎಂಬ ಸರಳ ಸಂಗತಿಯೇ ರೋಗನಿರ್ಣಯದ ಮೊದಲ ಮತ್ತು ಅತ್ಯಂತ ನಂಬಿಕಾರ್ಹ ಸಾಕ್ಷ್ಯ.

ಮೈಸೂರಿನ ಒಂದು ಚಿಕ್ಕ ರಿಪೇರಿ ಅಂಗಡಿಯಲ್ಲಿ ಈ ಸಾಕ್ಷ್ಯವನ್ನು ಓದುವ ಬಗೆಯನ್ನು ಕಂಡವರಿಗೆ ಮುಂದೆ ಯಾವ ಫ್ರಿಜ್ಜೂ ಮೊದಲಿನಂತೆ ಕಾಣುವುದಿಲ್ಲ. ಅಲ್ಲಿಗೆ ಬಂದಿದ್ದು ಹಿಂದೆಯೂ ಗ್ಯಾಸ್ ತುಂಬಿಸಿಕೊಂಡಿದ್ದ, ಮತ್ತೆ ತಂಪು ಕಳೆದುಕೊಂಡಿದ್ದ ಫ್ರಾಸ್ಟ್‌ಫ್ರೀ ಫ್ರಿಜ್. ಮೆಕ್ಯಾನಿಕ್ ಒತ್ತಡ ಅಳೆಯುವ ಗೇಜನ್ನು ಮುಟ್ಟದೆ, ಫ್ರೀಜರಿನ ಒಳಗಿನ ಹಿಂಬದಿ ಹಲಗೆಯ ಸ್ಕ್ರೂ ಬಿಚ್ಚಿ ಕಾಯಿಲನ್ನು ಬಯಲಿಗೆ ತಂದರು. ಕ್ಯಾಪಿಲ್ಲರಿ ಬಂದು ಸೇರುವ ಕಡೆಯ ಕೆಲವೇ ಸಾಲುಗಳು ಬೆಳ್ಳಗೆ ಹಿಮ ಕಟ್ಟಿದ್ದರೆ, ಉಳಿದ ಸಾಲುಗಳ ಅಲ್ಯೂಮಿನಿಯಂ ಬರಿದಾಗಿ ಹೊಳೆಯುತ್ತಿತ್ತು. ಪುಸ್ತಕದ ಪ್ರಕಾರ ಇದು ಗ್ಯಾಸ್ ಕಡಿಮೆಯಾದ ಲಕ್ಷಣ. ಇದ್ದಷ್ಟು ದ್ರವ ಮೊದಲ ಸಾಲುಗಳಲ್ಲೇ ಕುದಿದು ಮುಗಿದು, ಮುಂದೆ ಬರಿಯ ಆವಿ ಹರಿಯುವುದರಿಂದ ಹಿಮ ಅಲ್ಲಿಗೇ ನಿಲ್ಲುತ್ತದೆ. ಆದರೆ ಅವರು ಆ ತೀರ್ಮಾನಕ್ಕೆ ಬರದೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕ್ಯಾಪಿಲ್ಲರಿ ಕಾಯಿಲ್‌ಗೆ ಸೇರುವ ಗಂಟಿನ ಮೇಲೆ ಹಿಡಿದು ಕಾದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ‘ಸುಸ್’ ಎಂಬ ಸದ್ದು ಹೊರಟಿತು, ಬರಿದಾಗಿದ್ದ ಸಾಲುಗಳ ಮೇಲೆ ಮಂಜು ಮೂಡಿತು, ಹಿಮದ ಅಂಚು ಒಂದೊಂದೇ ಸಾಲು ದಾಟುತ್ತ ಕಾಯಿಲ್‌ನ ತುದಿಯವರೆಗೂ ಹಬ್ಬಿತು. ಗ್ಯಾಸ್ ಪೂರ್ತಿ ಇತ್ತು. ದಾರಿಗೆ ಅಡ್ಡವಾಗಿದ್ದುದು ಒಂದು ಹನಿಗೂ ಕಡಿಮೆ ನೀರು.

ಇದಕ್ಕೆ ಮಾಯಿಶ್ಚರ್ ಚೋಕ್, ಅಂದರೆ ತೇವದಿಂದಾದ ತಡೆ, ಎಂದು ಹೆಸರು. ಶೈತ್ಯಯಂತ್ರದ ದೋಷಗಳಲ್ಲೆಲ್ಲ ಇಷ್ಟು ಸೋಜಿಗದ ದೋಷ ಇನ್ನೊಂದಿಲ್ಲ. ಕೊಳವೆಯೊಳಗೆ ಉಳಿದ ತೇವ ಶೀತಕದೊಡನೆ ಸುತ್ತುತ್ತ ಕ್ಯಾಪಿಲ್ಲರಿಯ ಬಾಯಿಗೆ ಬಂದಾಗ ಅಲ್ಲಿನ ತಾಪ ಸೊನ್ನೆಗಿಂತ ಕೆಳಗಿರುವುದರಿಂದ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ತಂಪು ನಿಂತು ಫ್ರೀಜರ್ ಬೆಚ್ಚಗಾದಾಗ ಅದೇ ಮಂಜುಗಡ್ಡೆ ಕರಗಿ ದಾರಿ ತೆರೆದು, ಯಂತ್ರ ಏನೂ ಆಗದಂತೆ ಮತ್ತೆ ಕೆಲಸ ಮಾಡುತ್ತದೆ. ಹೀಗೆ ತಾನೇ ಕೆಟ್ಟು ತಾನೇ ಸರಿಹೋಗುವ ಫ್ರಿಜ್ ಬಗ್ಗೆ ಮನೆಯವರು ದೂರು ಕೊಟ್ಟರೆ, ಮೆಕ್ಯಾನಿಕ್ ಬರುವ ಹೊತ್ತಿಗೆ ಅದು ಚೆನ್ನಾಗಿಯೇ ಓಡುತ್ತಿರುತ್ತದೆ, ಅವರು ಹೋದ ಮೇಲೆ ಮತ್ತೆ ನಿಲ್ಲುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಕೆಲವು ಗಂಟೆ ಸರಿಯಾಗಿ ತಣ್ಣಗಾಗಿ ನಂತರ ಕೈಕೊಡುವ ಫ್ರಿಜ್‌ನಲ್ಲಿ ಮೊದಲು ಶಂಕಿಸಬೇಕಾದದ್ದು ಇದನ್ನೇ. ತೇವ ಒಳಹೋಗುವ ಸಾಮಾನ್ಯ ದಾರಿಯೆಂದರೆ ಹಿಂದಿನ ರಿಪೇರಿ: ವ್ಯಾಕ್ಯೂಮ್ ಪಂಪಿನಿಂದ ಕೊಳವೆಗಳ ಗಾಳಿ ಮತ್ತು ತೇವವನ್ನು ಪೂರ್ತಿ ಎಳೆದುಹಾಕದೆ, ಫಿಲ್ಟರ್ ಡ್ರೈಯರನ್ನೂ ಬದಲಿಸದೆ ಗ್ಯಾಸ್ ತುಂಬಿದ್ದು. ಮೈಸೂರಿನ ಆ ಫ್ರಿಜ್‌ನಲ್ಲಿ ಹಳೆಯ ಡ್ರೈಯರ್ ಹಾಗೇ ಉಳಿದಿತ್ತು.

ಈಗಿನ ಫ್ರಿಜ್‌ಗಳಲ್ಲಿ ತೇವ ನುಗ್ಗಲು ಇನ್ನೊಂದು ದಾರಿಯೂ ಇದ್ದು, ಅದರ ಬೇರು ಶೀತಕಗಳ ಚರಿತ್ರೆಯಲ್ಲಿದೆ. ಆರಂಭದ ಮನೆಬಳಕೆಯ ಯಂತ್ರಗಳಲ್ಲಿದ್ದ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ಗಳು ವಿಷಾನಿಲಗಳು. ಅವು ಸೋರಿ ಜನ ಸಾಯುತ್ತಿದ್ದ ಕಾಲದಲ್ಲಿ ಆಲ್ಬರ್ಟ್ ಐನ್‌ಸ್ಟೀನ್ ಮತ್ತು ಲಿಯೋ ಸಿಲಾರ್ಡ್ ಚಲಿಸುವ ಭಾಗವೇ ಇಲ್ಲದ ಫ್ರಿಜ್ ಒಂದನ್ನು ರೂಪಿಸಿ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. 1928ರಲ್ಲಿ ಥಾಮಸ್ ಮಿಜ್ಲಿ ತಂಡ ಕಂಡುಹಿಡಿದ, ವಿಷವೂ ಅಲ್ಲದ ಉರಿಯುವುದೂ ಇಲ್ಲದ ಆರ್-12 ಅದನ್ನು ಅನಗತ್ಯವಾಗಿಸಿತು. 1958ರಲ್ಲಿ ಗೋದ್ರೆಜ್ ಭಾರತದಲ್ಲಿ ಫ್ರಿಜ್ ತಯಾರಿಕೆ ಆರಂಭಿಸಿದಾಗ ಜಗತ್ತಿನೆಲ್ಲೆಡೆ ಇಂಥ ಶೀತಕಗಳದೇ ಕಾಲ. ಅವು ಓಜೋನ್ ಪದರವನ್ನು ಕರಗಿಸುತ್ತವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು, 1987ರ ಮಾಂಟ್ರಿಯಲ್ ಒಪ್ಪಂದ ಅವುಗಳಿಗೆ ಕಡಿವಾಣ ಹಾಕಿತು. ನಂತರ ಬಂದ ಆರ್-134ಎ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಆದ್ದರಿಂದ ಹೊಸ ಫ್ರಿಜ್‌ಗಳಲ್ಲಿ ಈಗ ಹೆಚ್ಚಾಗಿ ಆರ್-600ಎ, ಅಂದರೆ ಐಸೊಬ್ಯೂಟೇನ್, ಇರುತ್ತದೆ.

ಐಸೊಬ್ಯೂಟೇನ್ ಸಾಮಾನ್ಯ ವಾಯು ಒತ್ತಡದಲ್ಲಿ ಕುದಿಯುವುದು ಮೈನಸ್ 11.7 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಫ್ರೀಜರನ್ನು ಮೈನಸ್ 18 ಡಿಗ್ರಿಯಲ್ಲಿ ಇಡಬೇಕಾದರೆ ಕಾಯಿಲ್ ಅದಕ್ಕಿಂತಲೂ ತಣ್ಣಗಿರಬೇಕು; ಮೈನಸ್ 25ರ ಸುಮಾರಿಗೆ ಕುದಿಸಲು ಕಾಯಿಲ್‌ನೊಳಗಿನ ಒತ್ತಡ 0.6 ಬಾರ್‌ಗೆ, ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಬಹಳ ಕೆಳಗೆ, ಇಳಿಯಬೇಕಾಗುತ್ತದೆ. ಹೀಗಾಗಿ ಕಾಯಿಲ್‌ನಲ್ಲಿ ಸೂಜಿಮೊನೆಯಷ್ಟು ತೂತಾದರೆ, ಕಂಪ್ರೆಸರ್ ಓಡುತ್ತಿರುವಾಗ ಗ್ಯಾಸ್ ಹೊರಹೋಗುವ ಬದಲು ಹೊರಗಿನ ತೇವದ ಗಾಳಿಯೇ ಒಳಗೆ ಎಳೆಯಲ್ಪಡುತ್ತದೆ, ಮಳೆಗಾಲದ ಮಲೆನಾಡು ಕರಾವಳಿಗಳಲ್ಲಂತೂ ಅದರೊಡನೆ ನೀರಿನ ಅಂಶವೂ ಧಾರಾಳವಾಗಿ ಸೇರುತ್ತದೆ. ಅಂಥ ತೂತಿಗೆ ಎಷ್ಟೋ ಸಲ ಕಾರಣ ಐಸ್ ಕೆರೆಯಲು ಬಳಸಿದ ಅಡುಗೆಮನೆಯ ಚಾಕು.

ಹಿಮದ ಉಳಿದ ರೂಪಗಳನ್ನು ಓದುವುದು ಇಷ್ಟು ಕಷ್ಟವಲ್ಲ. ಹಿಮವೇ ಇಲ್ಲದೆ ಕಂಪ್ರೆಸರ್ ಓಡುತ್ತಿದ್ದು ಕಂಡೆನ್ಸರೂ ಬಿಸಿಯಾಗದಿದ್ದರೆ ಗ್ಯಾಸ್ ಪೂರ್ತಿ ಸೋರಿರುವ ಸಾಧ್ಯತೆ ಹೆಚ್ಚು. ಇಡೀ ಕಾಯಿಲ್‌ನ ಮೇಲೆ ತೆಳುವಾಗಿ ಮಾತ್ರ ಹಿಮ ಕೂತಿದ್ದರೆ ಕಂಪ್ರೆಸರಿನ ಒತ್ತುವ ಶಕ್ತಿ ಕುಂದಿರಬಹುದು. ಮೇಲೆ ಐಸ್ ಆಗುತ್ತಿದ್ದು ಕೆಳಗಿನ ಖಾನೆಯಲ್ಲಿ ಹಾಲು ಒಡೆಯುತ್ತಿದ್ದರೆ, ಹಲಗೆ ಬಿಚ್ಚಿದಾಗ ಇಡೀ ಕಾಯಿಲ್ ದಪ್ಪ ಹಿಮದಲ್ಲಿ ಹೂತಿರುವುದು ಕಾಣುತ್ತದೆ. ಅದು ಗ್ಯಾಸ್‌ನ ದೋಷವೇ ಅಲ್ಲ. ಹಿಮವನ್ನು ಆಗಾಗ ಕರಗಿಸಬೇಕಾದ ಡೀಫ್ರಾಸ್ಟ್ ಹೀಟರ್, ಟೈಮರ್, ಫ್ಯೂಸ್ ಅಥವಾ ಬೈಮೆಟಲ್ ಎಂಬ ತಾಪದ ಸ್ವಿಚ್ ಕೆಟ್ಟಿದೆ. ಬೈಮೆಟಲನ್ನು ಕೋಣೆಯ ತಾಪದಲ್ಲಿ ಮಲ್ಟಿಮೀಟರಿನಿಂದ ಪರೀಕ್ಷಿಸಿ ಸಂಪರ್ಕವಿಲ್ಲವೆಂದು ಬಿಸಾಡುವವರಿದ್ದಾರೆ. ಅದು ಚಳಿಯಲ್ಲಿ ಮಾತ್ರ ಕೂಡುವ ಸ್ವಿಚ್ ಆದ್ದರಿಂದ ಉಪ್ಪು ಬೆರೆಸಿದ ಐಸ್‌ನಲ್ಲಿಟ್ಟೇ ಅಳೆಯಬೇಕು. ಕಂಪ್ರೆಸರ್ ಕೆಲವು ನಿಮಿಷಕ್ಕೊಮ್ಮೆ ‘ಟಿಕ್’ ಎಂದು ನಿಂತುಹೋಗುತ್ತಿದ್ದರೆ ರಿಲೇ, ಓವರ್‌ಲೋಡ್ ಮತ್ತು ಮನೆಯ ವೋಲ್ಟೇಜನ್ನು ನೋಡಬೇಕು.

ಐಸೊಬ್ಯೂಟೇನ್ ಅಡುಗೆ ಅನಿಲದ ಹತ್ತಿರದ ಸಂಬಂಧಿಯಾಗಿದ್ದು ಸುಲಭವಾಗಿ ಹೊತ್ತಿಕೊಳ್ಳುವುದರಿಂದ, ಕೊಳವೆ ಕತ್ತರಿಸುವ, ಬೆಸೆಯುವ ಕೆಲಸಕ್ಕೆ ಮನೆಯವರು ಕೈಹಾಕಬಾರದು. ಚೋಕ್ ಬಿಡಿಸಲು ಬೆಂಕಿಯ ಜ್ವಾಲೆ ಹಿಡಿಯುವ ಹಳೆಯ ರೂಢಿಯನ್ನು ಯಾರೂ ಮುಂದುವರಿಸಬಾರದು. ಮನೆಯವರು ಮಾಡಬಹುದಾದದ್ದು ಬೇರೆ ಇದೆ. ಗ್ಯಾಸ್ ತುಂಬಿಸಲು ಒಪ್ಪುವ ಮುನ್ನ ಫ್ರೀಜರಿನ ಹಲಗೆ ಬಿಚ್ಚಿಸಿ ಹಿಮ ಎಲ್ಲಿಗೆ ನಿಂತಿದೆ ಎಂದು ತೋರಿಸುವಂತೆ ಕೇಳಿರಿ. ಸೋರಿದ ಜಾಗ ಯಾವುದು, ಡ್ರೈಯರ್ ಬದಲಿಸುತ್ತೀರಾ, ವ್ಯಾಕ್ಯೂಮ್ ಪಂಪ್ ತಂದಿದ್ದೀರಾ, ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತೀರಾ ಎಂದು ವಿಚಾರಿಸಿರಿ. ಉತ್ತರ ಸಿಗದಿದ್ದರೆ ಬೇರೆ ಮೆಕ್ಯಾನಿಕ್‌ನನ್ನು ಕರೆಯಿರಿ.